ಎಡಬದಿಯ ಹಿಂದಿನ ಪೆಟ್ಟಿಗೆ

ಅರಸೀಕೆರೆ
೧೨ ಸೆಪ್ಟೆಂಬರ್ ೨೦೦೪

ಪ್ರಿಯ ದೇವೇಂದ್ರ,

ಈ ಕೆಳಗೆ ರುಜು ಮಾಡಿರುವ ನಾನು, ಲೇಟ್ ಷಡಕ್ಷರಪ್ಪನವರ ಮಗ ಇಂದ್ರೇಶ, ವೃತ್ತಿಯಿಂದ ಕನ್ನಡ ಅಧ್ಯಾಪಕ, ಮನೆತನದಿಂದ ಕೊಬ್ಬರಿಯವನು, ಯಾರ ಒತ್ತಾಯವೂ ಇಲ್ಲದೆ, ಬುದ್ಧಿ ಇರಬೇಕಾದ ಜಾಗದಲ್ಲಿಯೇ ಇರುವಾಗ ಒಪ್ಪಿಕೊಳ್ಳುವುದೇನೆಂದರೆ: ನಾನು ಒಂದು ಸಿನಿಮಾ ಕದ್ದಿದ್ದೇನೆ. ಇಡಿಯಾಗಿ ಎತ್ತಿದ್ದರೆ ಸಿಕ್ಕಿಬೀಳುತ್ತಿದ್ದೆ. ಅದಕ್ಕೇ ಭಾನುವಾರಕ್ಕೊಂದರಂತೆ ಮೂರು ಕಂತಿನಲ್ಲಿ ಸಾಗಿಸಿದೆ.

ಕೃತ್ಯ ನಡೆದ ಸ್ಥಳ ಬಿ.ಎಚ್. ರಸ್ತೆಯ ಜಯದೇವಪ್ಪನ ಎಲೆಕ್ಟ್ರಾನಿಕ್ಸ್ ಅಂಗಡಿ. ಅಲ್ಲಿ ಗಾಜಿನ ಕೋಣೆಯೊಳಗೆ ಸೋಫಾ ಹಾಕಿ, ಹೋಮ್ ಥಿಯೇಟರ್ ಇಟ್ಟಿದ್ದಾನೆ. ಮೊದಲ ಭಾನುವಾರ ಗಿರಾಕಿಯ ವೇಷದಲ್ಲಿ ಹೋಗಿ ನಾಯಕಿ ಊರಿಗೆ ಬರುವವರೆಗೆ ನೋಡಿದೆ. "ಮನೇಲಿ ಕೇಳಿ ಬರ್ತೀನಿ" ಎಂದು ಎದ್ದೆ. ಎರಡನೆಯ ಭಾನುವಾರ ಅವಳು ಊರು ಬಿಟ್ಟಳು. ಮೂರನೆಯ ಭಾನುವಾರ ಕ್ಲೈಮ್ಯಾಕ್ಸು. ನಾನು ಕಣ್ಣೊರೆಸಿಕೊಳ್ಳುತ್ತಿರುವಾಗ ಜಯದೇವಪ್ಪ ಟೀ ತಂದಿಟ್ಟು ಮೆಲ್ಲಗೆ ಹೇಳಿದ: "ಮೇಷ್ಟ್ರೇ, ಸೆಟ್ ತಗೊಳ್ದಿದ್ರೆ ಬ್ಯಾಡ. ಟಿಕೆಟ್ ಆದ್ರೂ ತಗೊಳಿ."

ಅಮ್ಮನಿಗೆ ವಿಷಯ ಹೇಳಿದೆ. "ಹೋಮದ ಥಿಯೇಟರಾ? ನಮ್ ಮನೇಲಿ ಲಿಂಗಪೂಜೆ ಉಂಟು, ಹೋಮ ಎಲ್ಲೈತೆ?" ಎಂದಳು. ನಾನು ಅವಳ ದಾರಿಯಲ್ಲಿಯೇ ವಿವರಿಸಿದೆ. ಐದು ಪೆಟ್ಟಿಗೆ, ಜೊತೆಗೆ ಗುಡುಗುವುದಕ್ಕೇ ಒಂದು. ಪಂಚಾಕ್ಷರಿಗೆ ಓಂಕಾರ ಸೇರಿದರೆ ಷಡಕ್ಷರಿಯಾಗುವಂತೆ, ಐದಕ್ಕೆ ಗುಡುಗು ಸೇರಿದರೆ ಫೈವ್ ಪಾಯಿಂಟ್ ಒನ್. ಗಂಡನ ಹೆಸರು ಬಂದದ್ದರಿಂದ ಮಹದೇವಮ್ಮನವರು ಮುಂದೆ ಮಾತಾಡಲಿಲ್ಲ.

ಈಗ ನೀನು ಬರಬೇಕು. ಆರಿಸಲು ನನ್ನ ಕಿವಿ ಸಾಲದೆಂದಲ್ಲ. ಕೊಬ್ಬರಿ ಮನೆಯ ಕಿವಿ ಇದು. ಕಾಯಿಯನ್ನು ಕಿವಿಯ ಹತ್ತಿರ ಕುಲುಕಿ, ಒಳಗೆ ನೀರಿದೆಯೋ, ಉಂಡೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಹೇಳುವ ವಂಶ. ಇಡೀ ತಾಲ್ಲೂಕಿನಲ್ಲಿ ಹೀಗೊಂದು ಕಿವಿ ಇಲ್ಲ ಎಂದರೆ ಅದು ಜಂಬವಲ್ಲ, ಜಾತಕ. ಆದರೆ ನಾವಿಬ್ಬರೂ ಯಾವತ್ತು ಒಬ್ಬೊಬ್ಬರೇ ಸಿನಿಮಾ ಕೇಳಿದ್ದೇವೆ? ಇಂದ್ರೇಶ, ದೇವೇಂದ್ರ. ಇಬ್ಬರೂ ಇಂದ್ರರೇ, ಸ್ವರ್ಗ ಮಾತ್ರ ಬಾಲ್ಕನಿಯ ಕೊನೇ ಸಾಲು. ಎರಡನೇ ಆಟ ಮುಗಿಸಿ ನಮ್ಮ ಪಡಸಾಲೆಯಲ್ಲಿ ಮಲಗುತ್ತಿದ್ದಾಗ, ಗೂಡ್ಸ್ ಗಾಡಿ ಹೋದರೆ ಅಟ್ಟದ ಮೇಲಿನ ಕಾಯಿಗಳೆಲ್ಲ ಗುಡುಗುಡು ಎನ್ನುತ್ತಿದ್ದವು. "ಜನ ಚಪ್ಪಾಳೆ ಹೊಡೀತಾವ್ರೆ ಕಣ್ಲಾ" ಎನ್ನುತ್ತಿದ್ದೆ ನೀನು.

ನಿನ್ನ ಇಂಜೆಕ್ಷನ್ ಕೋರ್ಸು ಮುಗಿದು ಎದೆ ಸ್ವಚ್ಛವಾಗಿದೆಯೆಂದು ಮಂಜುಶ್ರೀ ಹೇಳಿದರು. ಹಳೇಬೀಡಿನ ಹಳೇ ಬೀಡಿ ಕೊನೆಗೂ ಆರಿತಲ್ಲ, ಸಂತೋಷ. ಆದರೆ ಫೋನ್ ಮಾಡಿದಾಗಲೆಲ್ಲ "ಹೊಲಕ್ಕೆ ಹೋದ್ರು" ಅನ್ನುತ್ತಾರೆ. ನಿನ್ನ ಹೊಲ ನಾನು ನೋಡದ್ದಲ್ಲ. ಅಷ್ಟು ಹೊತ್ತು ಅದರೊಳಗೆ ಕಳೆಯಬೇಕಾದರೆ ಒಂದೇ ಜಾಗದಲ್ಲಿ ಸುತ್ತಬೇಕು.

ಬರುವ ಭಾನುವಾರ ಜಾವಗಲ್ ಬಸ್ಸು ಹತ್ತು.

ಇಂತಿ,
ಜಾಮೀನಿನ ಮೇಲಿರುವ
ಇಂದ್ರ


ಬಸ್ತಿಹಳ್ಳಿ
೩೦ ಸೆಪ್ಟೆಂಬರ್ ೨೦೦೪

ಇಂದ್ರ,

ಹೊಲ ಸುಳ್ಳು. ನೀನು ಫೋನ್ ಮಾಡಿದಾಗಲೆಲ್ಲ ನಾನು ಫೋನಿನ ಪಕ್ಕದಲ್ಲಿಯೇ ಕೂತಿದ್ದೆ. ಅದು ಹೊಡೆಯಿತೆಂದು ನನಗೆ ಗೊತ್ತಾಗುತ್ತಿದ್ದುದು ಮಂಜು ಕೈಯೊರೆಸಿಕೊಂಡು ಎದ್ದು ಬಂದಾಗ.

ಕ್ಷಯ ಹೋಯಿತು. ಹೋಗುವಾಗ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹೋಯಿತು. ಇಂಜೆಕ್ಷನ್ನಿನಿಂದ ಕೆಲವರಿಗೆ ಹೀಗಾಗುತ್ತದಂತೆ. ಮೊದಲು ಎರಡು ಕಿವಿಯಲ್ಲಿಯೂ ಜೀರುಂಡೆ ಕೂಗಿತು. ಈಗ ಜೀರುಂಡೆಯೂ ಇಲ್ಲ. ಹಾಸನಕ್ಕೆ ಹೋದೆ, ಮೈಸೂರಿಗೆ ಹೋದೆ. ಮಿಷನ್ ಸಿಕ್ಕಿಸಿ ನೋಡಿದರು. ತಗಡಿನ ಮೇಲೆ ಮೊಳೆ ಎಳೆದಂತೆ ಏನೋ ಆಯಿತು, ಮಾತು ಆಗಲಿಲ್ಲ. ಇದು ವಾಪಸು ಬರುವಂಥದ್ದಲ್ಲ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಕೊಟ್ಟರು.

ಗೈಡಿನ ಬ್ಯಾಡ್ಜು ಇನ್ನೂ ಜೇಬಿನಲ್ಲಿಯೇ ಇದೆ. ಹೇಳುವುದಕ್ಕೇನು, ನಿದ್ದೆಯಲ್ಲಿಯೂ ಹೇಳುತ್ತೇನೆ. ಆದರೆ ಜನ ಕೇಳುವುದು ನನಗೆ ಕೇಳುವುದಿಲ್ಲ. ಮೊನ್ನೆ ದೇವಸ್ಥಾನದ ಜಗಲಿಯ ಮೇಲೆ ಒಬ್ಬ ಹೆಂಗಸು ಏನೋ ಕೇಳಿದಳು. "ಹನ್ನೆರಡನೇ ಶತಮಾನ, ಅಮ್ಮ" ಎಂದೆ. ಗುಂಪೆಲ್ಲ ಬಾಯಿ ತೆರೆದು ನಕ್ಕಿತು. ಅವಳು ಕೇಳಿದ್ದು ಶೌಚಾಲಯ ಎಲ್ಲಿ ಎಂದು. ಆಮೇಲೆ ನಮ್ಮೂರ ಬಸದಿಯ ಕನ್ನಡಿ ಕಂಬದ ಹತ್ತಿರ ಹೋಗಿ ಕೂತೆ. ಅಲ್ಲಿ ಬಿಂಬಗಳೂ ಮಾತಾಡುವುದಿಲ್ಲ, ನಾನೊಬ್ಬನೇ ಬೇರೆ ಎನ್ನಿಸುವುದಿಲ್ಲ.

ಒಂದು ವಿಷಯ ಬರೆಯುತ್ತೇನೆ, ನಗಬೇಡ. ಮೇ ತಿಂಗಳಲ್ಲಿ ಬೇಲೂರಿನ ಛತ್ರದಲ್ಲಿ ಮಂಜು ಕಡೆಯವರ ಮದುವೆ. ಆರ್ಕೆಸ್ಟ್ರಾದವರ ದೊಡ್ಡ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದೆ. ಬೆನ್ನಿನೊಳಗೆ ಒಂದು ತಾಳ ಹತ್ತಿತು. ಬಿಟ್ಟು ಬಿಟ್ಟು ಬಂತು. ಅಂಗೈ ಇಟ್ಟೆ. ನಾವಿಬ್ಬರೂ ಬಾಲ್ಕನಿಯಲ್ಲಿ ಕಾಲು ಕುಟ್ಟುತ್ತಿದ್ದ ಹಾಡು ಅದು. ಮಂಜುವಿಗೆ ಹಾಡಿನ ಹೆಸರು ಹೇಳಿದೆ. ಅವಳು ಹೌದೆಂದು ತಲೆಯಾಡಿಸಿ ಅತ್ತಳು. ಅವತ್ತಿನಿಂದ ಸಿಕ್ಕಿದ್ದಕ್ಕೆಲ್ಲ ಕೈ ಇಡುತ್ತೇನೆ. ಹಿಟ್ಟಿನ ಮಿಲ್ಲು, ಬಸ್ಸಿನ ಸರಳು, ಕಿಟಕಿ. ನೋಡಿದವರು ಹುಚ್ಚು ಅಂತಾರೆ.

ನಿನ್ನ ಪೆಟ್ಟಿಗೆಗಳು ನಡುಗುತ್ತವೆಯೇ? ಸುಮ್ಮನೆ ಕೇಳಿದೆ. ನನಗಾಗಿ ಏನನ್ನೂ ಕೊಳ್ಳಬೇಡ.

ದೇವೇಂದ್ರ


ಅರಸೀಕೆರೆ
೨೪ ಅಕ್ಟೋಬರ್ ೨೦೦೪

ಪ್ರಿಯ ದೇವೇಂದ್ರ,

ನಿನ್ನ ಕಾಗದ ಬಂದ ದಿನವೇ ಉತ್ತರಕ್ಕೆ ಕೂತೆ. ಬರೆದ ತಮಾಷೆಯೆಲ್ಲ ಸಾವಿನ ಮನೆಯಲ್ಲಿ ಪೀಪಿ ಊದಿದಂತೆ ಕಂಡಿತು, ಹರಿದೆ. ಗಂಭೀರವಾಗಿ ಬರೆದೆ, ಅದು ಪ್ರಿನ್ಸಿಪಾಲರು ಬರೆದಂತೆ ಕಂಡಿತು, ಅದನ್ನೂ ಹರಿದೆ. ಕೊನೆಗೆ ಕಾಗದ ಬಿಟ್ಟು ಅಂಗಡಿಗೆ ಹೋದೆ. ಬರೆಯಲಾಗದವನು ಕೊಳ್ಳುತ್ತಾನೆ.

ನಡುಗುವ ಸೆಟ್ಟಿಗಾಗಿ ಹಾಸನವನ್ನೆಲ್ಲ ತಿರುಗಿದೆ. ಪ್ರತಿಯೊಬ್ಬ ಸೇಲ್ಸ್‌ಮನ್ನೂ ಒಂದೇ ಪಾಠ ಒಪ್ಪಿಸಿದ: "ವಾಲ್ಯೂಮ್ ಎಷ್ಟೇ ಇಡಿ ಸರ್, ಕ್ಯಾಬಿನೆಟ್ ಒಂಚೂರೂ ಅಲುಗಾಡಲ್ಲ." ನಾನು "ಅಲುಗಾಡೋದು ಇದ್ದರೆ ತೋರಿಸಿ" ಎಂದೆ. ಒಬ್ಬ ಮಾಲೀಕನನ್ನೇ ಕರೆದುಕೊಂಡು ಬಂದ. ನಾನು ಪೆಟ್ಟಿಗೆಗಳ ಬೆನ್ನು, ಹೊಟ್ಟೆ, ಪಕ್ಕೆಗೆಲ್ಲ ಅಂಗೈ ಇಟ್ಟು ಕಣ್ಣು ಮುಚ್ಚಿದೆ. "ಏನ್ ಸಾರ್, ಜ್ವರ ಐತಾ?" ಎಂದ ಮಾಲೀಕ. ಇಲ್ಲ, ಚಳಿಜ್ವರ ಇರುವುದು ಬೇಕು ಎಂದೆ. ನಿಜ ಹೇಳಿದರೂ ಹುಚ್ಚು ಎನ್ನಿಸಿಕೊಳ್ಳುವ ಸುಖ ನಿನಗೊಬ್ಬನಿಗೇ ಇರಬಾರದು.

ಕೊನೆಗೆ ತಂದದ್ದು ಜಯದೇವಪ್ಪನ ಅಂಗಡಿಯಿಂದಲೇ. ಕದ್ದ ಸಿನಿಮಾದ ಪ್ರಾಯಶ್ಚಿತ್ತವೂ ಆಯಿತು. ಅವನು ಬಂದು ಜೋಡಿಸಿದ ದಿನ ನಾನು ಕಾಲೇಜಿನಲ್ಲಿದ್ದೆ. ಅಮ್ಮನೇ ನಿಂತು ಮಾಡಿಸಿದ್ದಾಳೆ. ಹಿಂದಿನ ಎರಡು ಪೆಟ್ಟಿಗೆಗೆ ತಂತಿ ಹೋಗಬೇಕಾದರೆ ಒಂದು ಕಡೆ ಹೆಬ್ಬಾಗಿಲು ಅಡ್ಡ, ಇನ್ನೊಂದು ಕಡೆ ಪೂಜೆಮನೆ. "ಲಿಂಗಪೂಜೆ ಹೊಸ್ತಿಲು ದಾಟಿ ಕರೆಂಟು ಹೋಗೋ ಹಂಗಿಲ್ಲ" ಎಂದಳಂತೆ. ಹಾಗಾಗಿ ತಂತಿಯನ್ನು ಮೇಲೆ ಅಟ್ಟಕ್ಕೆ ಏರಿಸಿ, ಆಚೆ ಕಡೆ ಇಳಿಬಿಟ್ಟಿದ್ದಾನೆ. ಅಟ್ಟದ ತುಂಬ ವರ್ಷದ ಕಾಯಿ. ಒಣಗುವವರೆಗೆ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ನಿನಗೆ ಗೊತ್ತಲ್ಲ, ಒಂದು ಸಲ ಚಪ್ಪಲಿ ಹುಡುಕಲು ಹತ್ತಿ ನೀನೇ ಬೈಸಿಕೊಂಡಿದ್ದೆ.

ಸಂಜೆ ಬಂದು ಹಾಕಿ ಕೂತೆ. ಮಳೆಯ ದೃಶ್ಯ. ಏನು ಹೇಳಲಿ. ಮುಂದೆ ಹೀರೋ ನೆನೆಯುತ್ತಿದ್ದಾನೆ, ಹನಿ ಬೀಳುತ್ತಿರುವುದು ನನ್ನ ಬೆನ್ನ ಹಿಂದೆ, ತಲೆಯ ಮೇಲೆ. ಅಷ್ಟು ಸೂಕ್ಷ್ಮವಾಗಿ, ಉರುಳಿದಂತೆ, ಹಳೆಯ ಹೆಂಚಿನ ಮೇಲೆ ಸುರಿದಂತೆ. ಮುಂದಿನ ಪೆಟ್ಟಿಗೆಗಳು ಯಾರ ಮನೆಯಲ್ಲಿಯೂ ಇರುತ್ತವೆ ದೇವೇಂದ್ರ. ಈ ಸೆಟ್ಟಿನ ಜೀವ ಇರುವುದು ಹಿಂದಿನದರಲ್ಲಿ. ಎಡಬದಿಯ ಹಿಂದಿನ ಪೆಟ್ಟಿಗೆಯ ಪಕ್ಕದಲ್ಲಿ ನಿನಗೆಂದು ಬೆತ್ತದ ಕುರ್ಚಿ ಹಾಕಿಸಿದ್ದೇನೆ. ಕೈಗೆ ಸಿಗುವ ಎತ್ತರ. ಅದರ ಮೇಲೆ ಬೇರೆ ಯಾರೂ ಕೂರುವುದಿಲ್ಲ.

ಬಾ.

ನಿನ್ನ
ಇಂದ್ರ


ಅರಸೀಕೆರೆ
೫ ಡಿಸೆಂಬರ್ ೨೦೦೪

ಪ್ರಿಯ ದೇವೇಂದ್ರ,

ಉತ್ತರವಿಲ್ಲ. ಇರಲಿ. ನೀನು ಕಿವಿ ಕಳೆದುಕೊಂಡೆ, ನಾನು ಬಾಯಿ ಕಳೆದುಕೊಂಡಿಲ್ಲ.

ಒಂದು ಅದ್ಭುತ ವರದಿ ಮಾಡಬೇಕು. ಹಿಂದಿನ ಪೆಟ್ಟಿಗೆಗಳು ದಿನದಿಂದ ದಿನಕ್ಕೆ ಮಾಗುತ್ತಿವೆ. ಅಕ್ಟೋಬರಿನಲ್ಲಿ ಜಿನುಗುತ್ತಿದ್ದ ಮಳೆ ಈಗ ಧೋ ಎನ್ನುತ್ತಿದೆ. ಹೊಸ ಸ್ಪೀಕರು ಪಳಗುತ್ತ ಹೋದಂತೆ ದನಿ ತೆರೆದುಕೊಳ್ಳುತ್ತದೆಂದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಆದರೆ ಆ ತೆರೆದುಕೊಳ್ಳುವಿಕೆ ಕೇಳಬೇಕಾದರೆ ಅದಕ್ಕೆ ತಕ್ಕ ಕಿವಿ ಬೇಕು. ಸ್ಟಾಫ್ ರೂಮಿನವರನ್ನೆಲ್ಲ ಕರೆಸಿ ಕೇಳಿಸಿದೆ. ಮೊದಲು ಯಾರಿಗೂ ತಿಳಿಯಲಿಲ್ಲ. ನಾನು ಬೆರಳೆತ್ತಿ "ಈಗ, ಹಿಂದೆ, ಮೇಲೆ" ಎಂದು ತೋರಿಸಿದ ಮೇಲೆ ಎಲ್ಲರಿಗೂ ಕೇಳಿಸಿತು. ಪ್ರಿನ್ಸಿಪಾಲರು ಛತ್ರಿ ತರಬೇಕಾಗಿತ್ತು ಎಂದರು.

ರಸ್ತೆಯಲ್ಲಿ ಸಿಕ್ಕ ಜಯದೇವಪ್ಪನಿಗೂ ಹೇಳಿದೆ: "ಹಿಂದಿನ ಎರಡು ಪೆಟ್ಟಿಗೆ ಕಣಯ್ಯ, ಅವೇ ಪ್ರಾಣ." ಅವನು ಬಹಳ ಹೊತ್ತು ನನ್ನ ಮುಖ ನೋಡಿ, "ಹಂಗಾ ಮೇಷ್ಟ್ರೇ" ಎಂದ. ಮಾರುವವನಿಗೇ ತಾನು ಮಾರಿದ್ದರ ಬೆಲೆ ಗೊತ್ತಿರುವುದಿಲ್ಲ.

ನಿನ್ನ ಕುರ್ಚಿಯ ಮೇಲೆ ಅಮ್ಮ ಉದ್ದಿನಬೇಳೆ ಒಣಗಿಸಲು ನೋಡಿದಳು. ಬಿಡಲಿಲ್ಲ.

ಇಂದ್ರ


ಬಸ್ತಿಹಳ್ಳಿ
೧೭ ಜನವರಿ ೨೦೦೫

ಇಂದ್ರ,

ಇಪ್ಪತ್ತಮೂರನೇ ತಾರೀಕು ಭಾನುವಾರ ಬರುತ್ತೇನೆ. ಬೇರೆ ಯಾರನ್ನೂ ಕರೆಯಬೇಡ. ಅಮ್ಮನನ್ನು ಬಿಟ್ಟು.

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಅಭ್ಯಾಸ ಮಾಡುತ್ತಿದ್ದೆ. ಮಿಲ್ಲಿನ ಗೋಡೆಗೆ ಕೈ ಇಟ್ಟರೆ ರಾಗಿಯೋ ಗೋಧಿಯೋ ಹೇಳುತ್ತೇನೆ. ಆದರೆ ಮಿಲ್ಲು ನಡುಗುವುದು ಕಲ್ಲಿಗೂ ಗೊತ್ತಾಗುತ್ತದೆ. ನನಗೆ ಗೊತ್ತಾಗಬೇಕಾದದ್ದು ಹಾಡು ಮತ್ತು ಮಾತು. ಬೇಲೂರಿನಲ್ಲಿ ಆದದ್ದು ನಿಜವೋ, ನಾನೇ ಅಂದುಕೊಂಡೆನೋ ಎಂದು ಈಚೆಗೆ ಅನುಮಾನ ಬರುತ್ತಿದೆ. ನೀನು ಇಷ್ಟು ಬರೆದಿರುವ ಪೆಟ್ಟಿಗೆಯಲ್ಲಿ ಅದು ತೀರ್ಮಾನವಾಗಲಿ. ಆ ಹಳೆಯ ಹಾಡಿರುವ ಸಿನಿಮಾ ತರಿಸಿಡು. ಅಂಗೈಯಲ್ಲಿ ಸಿಕ್ಕಿದರೆ ಬ್ಯಾಡ್ಜು ಇಟ್ಟುಕೊಳ್ಳುತ್ತೇನೆ. ಜನರ ಪ್ರಶ್ನೆ ಓದಿಕೊಳ್ಳಲು ಸ್ಲೇಟು ಕೊಳ್ಳುತ್ತೇನೆ, ಬದುಕಲು ಏನಾದರೂ ದಾರಿ ನೋಡುತ್ತೇನೆ. ಸಿಗದಿದ್ದರೆ ಆ ಆಸೆ ಸಾಕು.

ದೇವೇಂದ್ರ


ಅರಸೀಕೆರೆ
೨೮ ಜನವರಿ ೨೦೦೫

ಪ್ರಿಯ ದೇವೇಂದ್ರ,

ಒಬ್ಬಟ್ಟು ಮುಟ್ಟದೆ ಹೊರಟೆಯೆಂದು ಅಮ್ಮ ಇನ್ನೂ ನನ್ನನ್ನೇ ಬೈಯುತ್ತಿದ್ದಾಳೆ. ಐದರ ಬಸ್ಸು ತಪ್ಪಿದ್ದರೆ ಏಳರದು ಇರಲಿಲ್ಲವೇ?

ಆದರೆ ನಾನು ನೋಡಿದ್ದನ್ನು ನೋಡಿದೆ. ಸಿನಿಮಾ ಪೂರ್ತಿ ನಿನ್ನ ಕೈ ಆ ಪೆಟ್ಟಿಗೆಯ ಮೇಲಿತ್ತು. ಒಂದು ಸಲವೂ ತೆಗೆಯಲಿಲ್ಲ. ಮಧ್ಯೆ ಕೈ ಬದಲಾಯಿಸಿದೆ, ಆಮೇಲೆ ಕೆನ್ನೆಯನ್ನೇ ಒತ್ತಿ ಕೂತೆ. ಹಾಡು ಬಂದಾಗ ನಾನು ನಮ್ಮ ಮನೆಯ ಹಳೇ ಸ್ಲೇಟಿನ ಮೇಲೆ "ಬಂತು" ಎಂದು ಬರೆದು ತೋರಿಸಿದರೆ ನೀನು ಕಣ್ಣು ಮುಚ್ಚಿದೆ. ಅಂಥ ಏಕಾಗ್ರತೆ ನನಗೆ ಯಾವತ್ತೂ ಬಂದಿಲ್ಲ. ಹೊಟ್ಟೆಕಿಚ್ಚಾಯಿತು. ಕಿವಿ ಇದ್ದೂ ನಾನು ಬರೀ ಕೇಳುತ್ತಿದ್ದೆ, ನೀನು ಮುಳುಗಿದ್ದೆ. ಹಿಂದೆ, ತಲೆಯ ಮೇಲೆ, ಚಪ್ಪಾಳೆಯಂತೆ ಸುರಿಯುತ್ತಿತ್ತು.

ಅಮ್ಮ ಮಧ್ಯದಲ್ಲಿ ಬಂದು, "ಆ ಮುಂದಿನ ಗುಡುಗೋ ಪೆಟ್ಗೆ ಹತ್ರ ಕೂರ್ಸೋ, ಪಾಪ" ಎಂದಳು. ನಾನು ಬಿಡಲಿಲ್ಲ. "ಸುಮ್ನಿರಮ್ಮ, ಅದು ಬರೀ ಸದ್ದು. ಜೀವ ಇರೋದು ಹಿಂದಿಂದ್ರಲ್ಲಿ" ಎಂದೆ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತೇ ಎಂದು ಬರೆದು ಕೇಳಿದ್ದಕ್ಕೆ ನೀನು ನನ್ನ ಹೆಗಲು ತಟ್ಟಿದೆ. ಅದನ್ನು ನಾನು ಹೌದೆಂದು ಓದಿಕೊಂಡಿದ್ದೇನೆ. ಸ್ಲೇಟು ಕೊಂಡೆಯಾ? ಮುಂದಿನ ತಿಂಗಳು ಯಾವ ಸಿನಿಮಾ?

ಇಂದ್ರ


ಬಸ್ತಿಹಳ್ಳಿ
೨೦ ಫೆಬ್ರವರಿ ೨೦೦೫

ಇಂದ್ರೇಶಣ್ಣನವರಿಗೆ ಮಂಜುಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಇವರು ಒಡೆಯಲಿಲ್ಲ. ಜಂತೆಗೆ ಸಿಕ್ಕಿಸಿದ್ದಾರೆ. ನಾನೇ ತೆಗೆದು ಓದಿದೆ, ತಪ್ಪು ತಿಳಿಯಬೇಡಿ. ಓದಿದ ಮೇಲೆ ನೀವು ಏನೂ ತಿಳಿದುಕೊಂಡಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಅವತ್ತು ನಿಮ್ಮ ಮನೆಯಿಂದ ಬಂದು ಜಗಲಿ ಮೇಲೆ ಕೂತರು. ಊಟಕ್ಕೆ ಏಳಲಿಲ್ಲ. ಏನಾಯ್ತು ಅಂತ ಕೈಸನ್ನೆ ಮಾಡಿದೆ. "ಕೈಯಾಗೂ ಏನೂ ಇಲ್ಲ ಕಣೇ, ಅಷ್ಟೊತ್ತು ಇಟ್ಕಂಡಿದ್ದೆ, ಕಲ್ಲು ಮುಟ್ದಂಗಿತ್ತು" ಅಂದರು. ಅಷ್ಟು ಒಳ್ಳೆಯ ಪೆಟ್ಟಿಗೆಯೇ ತಿಳಿಯದಿದ್ದರೆ ಛತ್ರದಲ್ಲಿ ಆದದ್ದು ತನ್ನ ಭ್ರಮೆ ಅಂತ ಅವರ ಲೆಕ್ಕ. "ಅವನ ಕಿವಿ ಸುಳ್ಳು ಹೇಳಲ್ಲ, ಸತ್ತಿರೋದು ನನ್ನ ಅಂಗೈ" ಅಂದರು. ನಾನು ಹಾಡಿನ ಹೆಸರು ನೀವೇ ಹೇಳಿದಿರಲ್ಲ ಅಂತ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಅಳಿಸಿಬಿಟ್ಟರು.

ಈಗ ಮಿಲ್ಲಿಗೂ ಹೋಗುವುದಿಲ್ಲ. ಬಸದಿ ಕಡೆಗೂ ಹೋಗುವುದಿಲ್ಲ. ಹೋದ ಸೋಮವಾರ ಬೇಲೂರಿಗೆ ಹೋಗಿ ಬ್ಯಾಡ್ಜು ಆಫೀಸಿನಲ್ಲಿ ಕೊಟ್ಟು ಬಂದರು. ಭಾವ ಧರ್ಮಪ್ಪನವರು ಹೊಲಕ್ಕಾದರೂ ಬಾ ಅಂತ ಕರೆದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಮೊದಲು ನಾನು ಪಾತ್ರೆ ಇಟ್ಟರೂ ನೆಲಕ್ಕೆ ಕೈಯಿಟ್ಟು "ಚೊಂಬಾ?" ಅಂತಿದ್ದರು. ಅದೊಂದು ಆಟ ಇತ್ತು ನಮಗೆ.

ನೀವು ಒಳ್ಳೆಯದಕ್ಕೇ ಮಾಡಿದ್ದೀರಿ. ಆದರೆ ಇನ್ನು ಸಿನಿಮಾ ವಿಷಯ ಬರೆಯಬೇಡಿ. ಕರೆಯಲೂ ಬೇಡಿ.

ಇಂತಿ,
ಮಂಜುಶ್ರೀ


ಅರಸೀಕೆರೆ
೨೭ ಮಾರ್ಚ್ ೨೦೦೫

ದೇವೇಂದ್ರ,

ಲಕೋಟೆ ಹಾಕಿದರೆ ಜಂತೆಗೆ ಹೋಗುತ್ತದೆ. ಅದಕ್ಕೇ ಕಾರ್ಡುಗಳ ಮೇಲೆ ಬರೆಯುತ್ತಿದ್ದೇನೆ. ಕಾರ್ಡನ್ನು ಒಡೆಯಬೇಕಾಗಿಲ್ಲ, ಕಣ್ಣಿಗೆ ಬಿದ್ದರೆ ಸಾಕು. ನಿನ್ನ ಕಣ್ಣಿಗೆ ಬೀಳುವ ಮೊದಲು ಪೋಸ್ಟಿನವನು ಓದುತ್ತಾನೆ, ಅವನಿಂದ ಟೀ ಅಂಗಡಿಗೆ, ಅಲ್ಲಿಂದ ಧರ್ಮಪ್ಪನವರಿಗೆ. ಬಸ್ತಿಹಳ್ಳಿಯೆಲ್ಲ ಓದಲಿ. ಯಾರಾದರೂ ಒಬ್ಬರು ನಿನಗೆ ಬರೆದು ತೋರಿಸುತ್ತಾರೆ. ಮುಖ್ಯ ವಿಷಯ ಮೊದಲ ಕಾರ್ಡಿನಲ್ಲಿಯೇ ಇರಲಿ:

ನೀನು ಕೈ ಇಟ್ಟಿದ್ದ ಪೆಟ್ಟಿಗೆ ಸತ್ತಿತ್ತು. ನಿನ್ನ ಕೈ ಅಲ್ಲ.

ಎರಡನೆಯ ಕಾರ್ಡು. ಮಂಜುಶ್ರೀಯವರ ಕಾಗದ ಬಂದ ಮೇಲೆ ನಾನು ಸೆಟ್ಟು ಹಾಕಿರಲಿಲ್ಲ. ಮೊನ್ನೆ ಅಟ್ಟ ಇಳಿಸಿದರು. ವರ್ಷದ ಕಾಯಿಯೆಲ್ಲ ಅಂಗಳಕ್ಕೆ ಬಂತು. ಕಾಯಿ ಸುಲಿಯುವ ಆಳು ಕರಿಯಯ್ಯ ಮೊದಲು ಅಟ್ಟ ಗುಡಿಸಲು ಮೇಲೆ ಹತ್ತಿದ. ಮನೆ ಖಾಲಿ ಖಾಲಿ ಅನ್ನಿಸಿತೆಂದು ಪಡಸಾಲೆಗೆ ಬಂದು, ಆ ಮಳೆಯ ದೃಶ್ಯ ಹಾಕಿದೆ. ಮಳೆ ಇಲ್ಲ. ಹೀರೋ ನೆನೆಯುತ್ತಿದ್ದಾನೆ, ನನ್ನ ಹಿಂದೆ ಒಂದು ಹನಿಯೂ ಇಲ್ಲ, ಮೇಲೆಯೂ ಇಲ್ಲ. ದನಿ ಜೋರು ಮಾಡಿದೆ. ಮುಂದೆ ಗುಡುಗಿತು, ಹಿಂದೆ ಬರಗಾಲ. ಸೆಟ್ಟು ಕೆಟ್ಟಿತೆಂದು ಕೂಗಾಡಿದೆ. ಅಟ್ಟ ಗುಡಿಸುತ್ತಿದ್ದ ಕರಿಯಯ್ಯ ಮೇಲಿನಿಂದ ಬಗ್ಗಿ ಕೇಳಿದ: "ಬುದ್ಧೀ, ಇಲ್ಲೆಲ್ಡು ತಂತಿ ಬಿದ್ದವೆ. ಈ ಕಡೀದು ಈ ಕಡೆ, ಆ ಕಡೀದು ಆ ಕಡೆ. ಬಿಸಾಕನಾ?"

ಮೂರನೆಯದು. ಅಮ್ಮನನ್ನು ಕೇಳಿದೆ. ಅವಳು ಕಾಯಿ ಕುಲುಕುವುದನ್ನು ನಿಲ್ಲಿಸಲೂ ಇಲ್ಲ. "ಜಯದೇವಪ್ಪ ಅವತ್ತೇ ಹೇಳಿದ್ನಲ್ಲ. ಕಾಯಿ ಮ್ಯಾಲೆ ಹತ್ತಬ್ಯಾಡ ಅಂದೆ. ಎಲ್ಡು ಕಡೆಯಿಂದ್ಲೂ ತಂತಿ ಎಸ್ದು, ಅಟ್ಟ ಇಳಿಸಿದ ಮ್ಯಾಲೆ ಹೇಳ್ಕಳ್ಸಿ, ಸೇರಿಸ್ತೀನಿ ಅಂದು ಹೋದ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲಮ್ಮ?"

"ನೀನು ಬಂದ್ ತಕ್ಷಣ ಹಿಂದ್ಲದು ಎಷ್ಟು ಚಂದಾಗೈತೆ ಅಂದೆ. ಓದಿದ ಮಗ. ಈಗ ಫೋನೇ ತಂತಿ ಇಲ್ದೆ ಬರಾಕಿಲ್ವಾ, ಇದೂ ಹಂಗೇಯ ಅನ್ಕಂಡೆ."

ಜಯದೇವಪ್ಪನೂ ಅಷ್ಟೇ. ಮೇಷ್ಟ್ರು ಬೇರೆ ಯಾರ ಕೈಯಲ್ಲೋ ಸೇರಿಸಿಕೊಂಡಿದ್ದಾರೆ ಎಂದುಕೊಂಡನಂತೆ.

ನಾಲ್ಕನೆಯದು. ಹಾಗಾದರೆ ನಾನು ಕೇಳಿದ್ದೇನು? ನಿನಗೆ ಈಗಾಗಲೇ ಹೊಳೆದಿರಬೇಕು. ಮುಂದಿನ ಗುಡುಗು ಪೆಟ್ಟಿಗೆ ಗುಡುಗಿದಾಗಲೆಲ್ಲ ತಲೆಯ ಮೇಲಿನ ಅಟ್ಟ ನಡುಗಿದೆ. ಕಾಯಿಯೊಳಗಿನ ಕೊಬ್ಬರಿ ಗುಡುಗುಡು ಎಂದಿದೆ. ಅಕ್ಟೋಬರಿನಲ್ಲಿ ಇನ್ನೂ ನೀರಿತ್ತು, ಜಿನುಗಿತು. ಡಿಸೆಂಬರಿಗೆ ಒಣಗಿತು, ಧೋ ಎಂದಿತು. ಪಳಗುತ್ತಿದ್ದದ್ದು ಸ್ಪೀಕರಲ್ಲ, ಕೊಬ್ಬರಿ. ಗೂಡ್ಸ್ ಗಾಡಿಗೆ ಚಪ್ಪಾಳೆ ಹೊಡೆಯುತ್ತಿದ್ದ ಅದೇ ಕಾಯಿಗಳ ಮೊಮ್ಮಕ್ಕಳು. ಕೊಬ್ಬರಿ ಮನೆಯಲ್ಲಿ ಹುಟ್ಟಿ, ಕೊಬ್ಬರಿಯ ಸದ್ದನ್ನು ಮಳೆಯೆಂದು ಇಡೀ ಕಾಲೇಜಿಗೆ ಬೆರಳೆತ್ತಿ ತೋರಿಸಿದೆ. ನಿನ್ನ ಕಿವಿ ಇದ್ದಿದ್ದರೆ ಮೊದಲ ಸದ್ದಿಗೇ "ಲೋ, ಅಟ್ಟ ಕಣ್ಲಾ" ಎನ್ನುತ್ತಿದ್ದೆ. ಅದಿಲ್ಲವಾದ್ದರಿಂದ ನನ್ನದನ್ನು ನಂಬಿದೆ. ಅಮ್ಮ ಹೇಳಿದಂತೆ ಮುಂದಿನ ಪೆಟ್ಟಿಗೆಯ ಹತ್ತಿರ ಕೂರಿಸಿದ್ದರೆ ಬ್ಯಾಡ್ಜು ಇವತ್ತು ನಿನ್ನ ಜೇಬಿನಲ್ಲಿರುತ್ತಿತ್ತೋ ಏನೋ. ಬೇಲೂರಿನ ಆಫೀಸಿಗೆ ಹೋಗಿದ್ದೆ. ಒಪ್ಪಿಸಿದ್ದನ್ನು ವಾಪಸು ಕೊಡುವ ಪದ್ಧತಿ ಇಲ್ಲ ಎಂದರು.

ಐದನೆಯದು. ಬಾ ಎಂದು ಕರೆಯುತ್ತಿಲ್ಲ. ಆ ಹಕ್ಕು ಹೋಯಿತು. ಮಿಲ್ಲಿಗೆ ಹೋಗು, ಅಷ್ಟೇ. ಮಂಜುಶ್ರೀ ಪಾತ್ರೆ ಇಟ್ಟಾಗ ನೆಲಕ್ಕೆ ಕೈ ಇಡು. ಛತ್ರದಲ್ಲಿ ಸಿಕ್ಕಿದ್ದು ಸಿಕ್ಕಿದ್ದೇ. ಇನ್ನು ಮುಂದೆ ಅದು ಉಳಿಯುತ್ತದೆಯೋ, ಅದೂ ಹೋಗುತ್ತದೆಯೋ ನನಗೆ ಗೊತ್ತಿಲ್ಲ. ಇಲ್ಲದ ಭರವಸೆ ಕೊಟ್ಟು ಒಂದು ಸಲ ಕೆಡಿಸಿದ್ದೇನೆ.

ಐದಕ್ಕೇ ಮುಗಿಸಬೇಕೆಂದಿದ್ದೆ. ಪಾಯಿಂಟ್ ಒನ್ ಉಳಿದಿದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅರ್ಧ.

ನಿನ್ನೆ ಜಯದೇವಪ್ಪ ಬಂದು ಎರಡು ತಂತಿಯನ್ನೂ ಸೇರಿಸಿದ. ಅದೇ ಮಳೆಯ ದೃಶ್ಯ ಹಾಕಿ, ನನ್ನನ್ನು ನಿನ್ನ ಬೆತ್ತದ ಕುರ್ಚಿಯ ಮೇಲೆ ಕೂರಿಸಿ, "ಈಗ ಹಿಂದ್ಗಡೆಯಿಂದ ಬತ್ತಾ ಐತಾ ಮೇಷ್ಟ್ರೇ?" ಎಂದು ಕೇಳಿದ. ಕಣ್ಣು ಮುಚ್ಚಿ, ತಲೆ ವಾಲಿಸಿ, ಬೆರಳೆತ್ತಿ, ಬರ್ತಾ ಇದೆ ಎಂದೆ. ಏನೂ ಕೇಳಿಸಿರಲಿಲ್ಲ, ದೇವೇಂದ್ರ. ಸೇರಿಸಿದ್ದಕ್ಕೂ ಸೇರಿಸದಿದ್ದಕ್ಕೂ ನನ್ನ ಕಿವಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದೆ. ಆಗ ಅಂಗೈಗೆ ಗೊತ್ತಾಯಿತು.

ಇಂದ್ರೇಶ